ಕಾಲುವೆ ದಾಟಿ ಬಂದ ಮೂವತ್ತು ಮೇಪಲ್

ನೆದರ್ಲೆಂಡ್ಸಿನ ನಮ್ಮ ಬೋಸ್ಕೋಪಿನಲ್ಲಿ ಕಾಲುವೆ ದಾಟಿ ಬಂದ ಗಿಡಕ್ಕೆ ಯಾರೂ ಕಾಗದ ಕೇಳುವುದಿಲ್ಲ. ಕೇಳಿದರೆ ಮುಖಕ್ಕೆ ಹೊಡೆದ ಹಾಗೆ. ಇಲ್ಲಿ ಎಲ್ಲರದೂ ಉದ್ದುದ್ದ ಪಟ್ಟಿಯಂಥ ಜಮೀನು, ಒಂದು ಪಟ್ಟಿಗೂ ಇನ್ನೊಂದಕ್ಕೂ ನಡುವೆ ಒಂದು ಕಾಲುವೆ, ಎಲ್ಲರದೂ ಗಿಡ ಬೆಳೆಸಿ ಮಾರುವ ಕಸುಬು. ಒಂದು ಆರ್ಡರಿಗೆ ನನ್ನಲ್ಲಿ ಇಪ್ಪತ್ತು ಗಿಡ ಕಡಿಮೆ ಬಿದ್ದರೆ ಪಕ್ಕದವನು ಚಪ್ಪಟೆ ದೋಣಿಯಲ್ಲಿ ತಂದು ಇಳಿಸುತ್ತಾನೆ. ಅವನಿಗೆ ಕಡಿಮೆ ಬಿದ್ದ ವರ್ಷ ನಾನು ಇಳಿಸುತ್ತೇನೆ. ಬರೆದಿಡುವುದಿಲ್ಲ, ರಸೀತಿ ಇಲ್ಲ, ಉಪಕಾರವಾಯಿತು ಎನ್ನುವ ಮಾತೂ ಇಲ್ಲ. ಒಂದು ಲೋಟ ಕಾಫಿ ಕುಡಿದು, ಹವೆಯನ್ನು ನಾಲ್ಕು ಮಾತು ಬೈದು ಹೋಗುವುದು, ಅಷ್ಟೆ. ಅಪ್ಪ ಹಾಗೇ ಬದುಕಿದ. ನಾನೂ ಐವತ್ತೇಳು ವರ್ಷ ಹಾಗೇ ಬದುಕಿದೆ.

ಕಾನೂನು ಮಾತ್ರ ಬೇರೆ ಹೇಳುತ್ತದೆ. ಗಿಡ ಒಬ್ಬ ನರ್ಸರಿಯವನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುವಾಗಲೆಲ್ಲ ಅದಕ್ಕೆ ಪಾಸ್‌ಪೋರ್ಟ್ ಇರಬೇಕು. ಪಾಸ್‌ಪೋರ್ಟ್ ಎಂದರೆ ಪುಸ್ತಕವಲ್ಲ, ಕುಂಡಕ್ಕೆ ಅಂಟಿಸುವ ಎರಡು ಬೆರಳಗಲದ ಚೀಟಿ. ಅದರಲ್ಲಿ ನಾಲ್ಕು ಸಾಲು: ಗಿಡದ ಹೆಸರು, ಬೆಳೆದವರ ನೋಂದಣಿ ಸಂಖ್ಯೆ, ಒಟ್ಟಿಗೆ ಬೆಳೆದ ಯಾವ ತಂಡದ ಗಿಡ ಎನ್ನುವ ಗುರುತು, ಹುಟ್ಟಿದ ದೇಶ. ಚೀಟಿಯನ್ನು ನಾವೇ ಅಚ್ಚು ಹಾಕಿಕೊಳ್ಳುತ್ತೇವೆ. ಸರ್ಕಾರದ ತಪಾಸಣೆಯವರು ಆಗೀಗ ಬಂದು ತೋಟ ನೋಡಿ, ನಮ್ಮ ದಾಖಲೆ ನೋಡಿ, ಆ ಅಧಿಕಾರ ಕೊಟ್ಟಿರುತ್ತಾರೆ. ಚೀಟಿ ಅಂಟಿಸಿದೆ ಎಂದರೆ, ಈ ಗಿಡದ ಹುಟ್ಟು ನನಗೆ ಗೊತ್ತು, ಇದರಲ್ಲಿ ಹುಳವಿಲ್ಲ ರೋಗವಿಲ್ಲ ಎಂದು ಆಣೆ ಇಟ್ಟ ಹಾಗೆ. ಆಣೆಯನ್ನು ರೋಲುಗಟ್ಟಲೆ ಅಚ್ಚು ಹಾಕಿ ಡ್ರಾಯರಿನಲ್ಲಿ ಇಟ್ಟುಕೊಂಡಿರುವ ಜನ ನಾವು. ಅದರ ಬೆಲೆ ನಮಗೆ ಎಲ್ಲಿ ಗೊತ್ತಾಗಬೇಕು.

ನನ್ನ ಕಸುಬೆಲ್ಲ ನಾಲ್ಕು ಮರದ ಮೇಲೆ ನಿಂತಿತ್ತು. ಅಪ್ಪನ ಜಪಾನಿ ಮೇಪಲ್. ಅಪ್ಪ ಚಿಕ್ಕವನಿದ್ದಾಗ ಬೀಜದಿಂದ ಎದ್ದ ನೂರಾರು ಸಸಿಗಳಲ್ಲಿ ಒಂದನ್ನು ಆರಿಸಿ ಉಳಿಸಿಕೊಂಡಿದ್ದ. ವಸಂತದಲ್ಲಿ ಅದರ ಎಲೆಯ ಅಂಚು ಮಾತ್ರ ಕೆಂಪು, ಒಳಗೆಲ್ಲ ತೆಳು ಹಸಿರು. ಅಂಥದ್ದು ಬೇರೆ ಯಾವ ನರ್ಸರಿಯವನ ಹತ್ತಿರವೂ ಇರಲಿಲ್ಲ. ಅದರಿಂದ ಕಸಿ ಮಾಡಿದ ನಾಲ್ಕು ತಾಯಿಮರಗಳು ಶೆಡ್ಡಿನ ಹಿಂದೆ, ಕಾಲುವೆಯ ದಂಡೆಗೆ ನಿಂತಿದ್ದವು. ಪ್ರತಿ ಆಗಸ್ಟಿನಲ್ಲಿ ಅವುಗಳಿಂದ ಕಡ್ಡಿ ಕೊಯ್ದು ಹೊಸ ಸಸಿಗಳಿಗೆ ಕಟ್ಟಿ ಮಾರುವುದು ನನ್ನ ಅನ್ನ. ಅಪ್ಪ ಅದಕ್ಕೆ ಹೆಸರೇ ಇಡಲಿಲ್ಲ, ಎಲ್ಲಿಯೂ ನೋಂದಾಯಿಸಲಿಲ್ಲ. ಹೆಸರಿಟ್ಟರೆ ಊರಿನವರೆಲ್ಲ ಕರೆಯಲು ಶುರುಮಾಡುತ್ತಾರೆ ಎನ್ನುತ್ತಿದ್ದ. ಆ ಮೊದಲ ಮರ ಯಾವತ್ತೋ ಸತ್ತಿತು, ಅಪ್ಪನೂ ಹೋದ. ಉಳಿದದ್ದು ಈ ನಾಲ್ಕು ಮತ್ತು ನಾನು.

ಕಾಲುವೆಯ ಆಚೆ ಕ್ರೈನ್. ನನಗಿಂತ ಐದು ವರ್ಷ ದೊಡ್ಡವನು. ಅವನ ತಂದೆ ಬೇಗ ತೀರಿಕೊಂಡಾಗ ಅವನಿಗೆ ಚಾಕು ಹಿಡಿಯಲೂ ಬರುತ್ತಿರಲಿಲ್ಲ. ಅಪ್ಪನೇ ಅವನನ್ನು ನಮ್ಮ ಮೇಜಿನ ಮುಂದೆ ಕೂರಿಸಿಕೊಂಡು ಕಸಿ ಕಟ್ಟುವುದು ಕಲಿಸಿದ. ಒಂದೇ ಮೇಜಿನಲ್ಲಿ ಅವನೂ ನಾನೂ ಬೆರಳು ಕುಯ್ದುಕೊಂಡು ಕಲಿತವರು. ಆಮೇಲೆ ಅವನು ಯೋಪಿಯನ್ನು ಮದುವೆಯಾದ, ಹೈಡ್ರೇಂಜಿಯ ಹೂಗಿಡ ಬೆಳೆದ, ಮಗಳನ್ನು ಓದಿಸಿ ಮದುವೆ ಮಾಡಿಸಿದ. ನಾನು ಯಾರನ್ನೂ ಮದುವೆಯಾಗಲಿಲ್ಲ. ಭಾನುವಾರ ಅವರ ಮನೆಯಲ್ಲೇ ಊಟ. ಯೋಪಿಯ ಸೂಪಿನಲ್ಲಿ ಉಪ್ಪು ಯಾವಾಗಲೂ ಜಾಸ್ತಿ, ಮೂವತ್ತು ವರ್ಷ ಅದನ್ನು ಹೇಳದೆ ಕುಡಿದಿದ್ದೇನೆ. ಸ್ನೇಹ ಎಂದರೆ ಇದೇ ಎಂದುಕೊಂಡಿದ್ದೆ.

ಮಾರ್ಚಿನಲ್ಲಿ ಜರ್ಮನಿಯ ಒಂದು ಗಿಡದ ಅಂಗಡಿಯಿಂದ ಇನ್ನೂರು ಮೇಪಲ್‌ಗೆ ಆರ್ಡರ್ ಬಂತು. ಬಗೆ ಬಗೆಯವು, ಸಾಧಾರಣ ಜಾತಿಯವೇ ಸಾಕು ಎಂದಿದ್ದರು. ಲಾರಿ ಬರುವ ಹಿಂದಿನ ದಿನ ನೋಡಿದರೆ ಹಿಮ ಕಚ್ಚಿ ಮೂವತ್ತು ಗಿಡ ಹಾಳಾಗಿದ್ದವು. ಕಾಲುವೆಯ ದಂಡೆಯಲ್ಲಿ ನಿಂತು ಗೊಣಗುತ್ತಿದ್ದೆ. ಕ್ರೈನ್ ಕೇಳಿಸಿಕೊಂಡ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ, ನಾನು ಕೇಳುವ ಮೊದಲೇ, ದೋಣಿಯ ತುಂಬ ಮೂವತ್ತು ಮೇಪಲ್ ತಂದು ನಿಲ್ಲಿಸಿದ.

ನನಗೆ ಆಶ್ಚರ್ಯವೇ ಆಯಿತು. ಹೈಡ್ರೇಂಜಿಯದವನ ಹತ್ತಿರ ಮೇಪಲ್ ಎಲ್ಲಿಂದ? ಇವು ನಿನ್ನವೇನೋ ಎಂದು ಕೇಳಿದೆ.

"ಮತ್ತಿನ್ಯಾರದು? ಹಿಂದಿನ ಗಾಜಿನಮನೇಲಿ ನಾನೇ ಕಟ್ಟಿದ್ದು ಕಣೇ. ನಿಮ್ಮಪ್ಪ ಕಲಿಸಿದ ಕೈ, ಸುಮ್ನೆ ಇರುತ್ತಾ?" ಅಂದ. ಆಮೇಲೆ ನಕ್ಕ. "ಏನು, ನೀನೂ ಈಗ ಕಚೇರಿಯವರ ಥರ ಚೀಟಿ ಕೇಳೋಕೆ ಶುರು ಮಾಡಿದ್ಯಾ?"

ಆ ನಗುವಿಗೆ ನಾನು ನಾಚಿಕೊಂಡೆ. ಸುಳ್ಳು ಹೇಳುವುದಿಲ್ಲ, ಒಂದು ಗಿಡದ ಬುಡವನ್ನು ಬೆರಳಿನಿಂದ ಕೆದಕಿ ನೋಡಿದೆ. ಮೇಲಿನ ಮಣ್ಣು ನಮ್ಮ ಕಪ್ಪು ಜೌಗು ಮಣ್ಣೇ. ಎರಡು ಬೆರಳು ಕೆಳಗೆ ಬೇರಿಗೆ ಅಂಟಿಕೊಂಡಿದ್ದು ಕೆಂಚು ಮಣ್ಣು, ನಮ್ಮ ಸೀಮೆಯದಲ್ಲ. ಕುಂಡವೂ ಹೊಸದು. ಯಾವುದೋ ದೂರದ ಗಿಡವನ್ನು ಎತ್ತಿ ನಮ್ಮ ಮಣ್ಣಿನಲ್ಲಿ ಕೂರಿಸಿದ್ದಾರೆ ಎಂದು ನನ್ನ ಕೈಗೆ ಗೊತ್ತಾಯಿತು. ತಲೆಗೆ ಗೊತ್ತಾಗಲು ನಾನು ಬಿಡಲಿಲ್ಲ. ಕ್ರೈನ್ ಎಂದರೆ ಕ್ರೈನ್. ಕಾಫಿ ಕೊಟ್ಟೆ, ಅವನು ಹವೆಯನ್ನು ಬೈದು ಹೋದ. ನಾನು ಡ್ರಾಯರಿನಿಂದ ಚೀಟಿಯ ರೋಲು ತೆಗೆದು ಮೂವತ್ತಕ್ಕೂ ಅಂಟಿಸಿದೆ: ನನ್ನ ಸಂಖ್ಯೆ, ನನ್ನ ತಂಡ, ಹುಟ್ಟಿದ ದೇಶ ನೆದರ್ಲೆಂಡ್ಸ್. ದಾಖಲೆ ಪುಸ್ತಕದಲ್ಲಿ ಇನ್ನೂರೂ ನನ್ನ ಸ್ವಂತ ಬೆಳೆ ಎಂದು ಬರೆದೆ. ಗಿಡಗಳು ಶೆಡ್ಡಿನ ಮುಂದೆ ಆರು ಗಂಟೆ ಹೊತ್ತು ನಿಂತಿದ್ದವು. ನಾಲ್ಕಕ್ಕೆ ಲಾರಿ ಬಂದು ಹೊತ್ತುಕೊಂಡು ಹೋಯಿತು.

ಜೂನ್ ಕೊನೆಯಲ್ಲಿ ತಪಾಸಣೆಯವರ ಬಿಳಿ ಗಾಡಿ ನನ್ನ ಸೇತುವೆಯ ಮುಂದೆ ನಿಂತಿತು. ಇಳಿದವಳು ವೀಪ್ಕೆ. ಫ್ರೀಸ್‌ಲ್ಯಾಂಡಿನ ಕಡೆಯ ಹುಡುಗಿ, ಮೂವತ್ತು ದಾಟಿಲ್ಲ. ಎರಡು ವರ್ಷದಿಂದ ನಮ್ಮ ಕಡೆಗೆ ಅವಳೇ ಬರುತ್ತಿದ್ದಳು. ಯಾವಾಗಲೂ ಬೂಟಿಗೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಂಡೇ ಒಳಗೆ ಕಾಲಿಡುವವಳು. ಅವತ್ತು ಕೈಕುಲುಕಲಿಲ್ಲ. ಫೋನಿನಲ್ಲಿ ಜರ್ಮನಿಯಿಂದ ಬಂದ ಮೂರು ಫೋಟೋ ತೋರಿಸಿದಳು: ಮೊದಲನೆಯದರಲ್ಲಿ ಮೇಪಲ್ಲಿನ ಬುಡದಲ್ಲಿ ನಾಣ್ಯ ತೂರುವಷ್ಟು ದುಂಡನೆಯ ತೂತು, ಕೆಳಗೆ ಮರದ ಹೊಟ್ಟು. ಎರಡನೆಯದರಲ್ಲಿ ಒಂದು ದುಂಬಿ, ಕರಿ ಮೈಮೇಲೆ ಬಿಳಿ ಚುಕ್ಕೆ, ಮೈಗಿಂತ ಉದ್ದದ ಮೀಸೆ. ಇದು ನಮ್ಮ ಖಂಡದ್ದಲ್ಲ, ಪೂರ್ವದಿಂದ ಗಿಡದ ಹೊಟ್ಟೆಯೊಳಗೆ ಕೂತು ಬರುವಂಥದ್ದು. ಒಂದು ಬಂದರೆ ಬೀದಿಯ ಮರಗಳವರೆಗೆ ಎಲ್ಲವನ್ನೂ ಒಳಗಿನಿಂದ ತಿಂದು ಮುಗಿಸುತ್ತದೆ. ನಾನು ಪೋಸ್ಟರಿನಲ್ಲಿ ಮಾತ್ರ ನೋಡಿದ್ದೆ. ಮೂರನೆಯ ಫೋಟೋ ಕುಂಡದ್ದು. ಬೇರಿನಲ್ಲಿ ಅದೇ ಕೆಂಚು ಮಣ್ಣು, ಚೀಟಿಯಲ್ಲಿ ನನ್ನ ಸಂಖ್ಯೆ.

ಅವಳು ವಿವರಿಸಿದಳು. ಸೋಂಕಿನ ತಂಡ ಬೆಳೆದ ಜಾಗದಿಂದ ಸುತ್ತ ನೂರು ಮೀಟರ್ ಒಳಗಿನ ಮೇಪಲ್ ಎಲ್ಲ ಕಡಿದು ಸುಡಬೇಕು, ಬೇರು ಸಮೇತ. ಅದರ ಆಚೆಗೂ ಕೆಲವು ವರ್ಷ ನಿಗಾ, ಮಾರಾಟಕ್ಕೆ ತಡೆ. ನಾನು ಮಾತು ಕೇಳುತ್ತಿದ್ದೆ, ಕಣ್ಣು ಮಾತ್ರ ಶೆಡ್ಡಿನ ಹಿಂದಕ್ಕೆ ಹೋಗುತ್ತಿತ್ತು. ಅಪ್ಪನ ನಾಲ್ಕು ಮರ ನಾವು ನಿಂತಲ್ಲಿಂದ ಇಪ್ಪತ್ತು ಹೆಜ್ಜೆ.

ಅಲ್ಲೇ ನಿಂತು ನಿಜ ಹೇಳಿಬಿಟ್ಟೆ. ಆ ಮೂವತ್ತು ನನ್ನವಲ್ಲ, ಕಾಲುವೆಯ ಆಚೆ ಕ್ರೈನನ ಹಿಂದಿನ ಗಾಜಿನಮನೆಯವು, ಅದು ಇಲ್ಲಿಂದ ಇನ್ನೂರು ಮೀಟರ್ ದೂರ, ನಾನು ಚೀಟಿ ಅಂಟಿಸಿದ್ದು ತಪ್ಪು, ನನ್ನ ಅಧಿಕಾರ ಕಿತ್ತುಕೊಳ್ಳಿ, ದಂಡ ಹಾಕಿ, ಮರ ಬಿಡಿ ಎಂದೆ. ವೀಪ್ಕೆ ಪೆನ್ನು ಕೆಳಗಿಟ್ಟಳು.

"ಅಲೈದಾ ಮೇಡಂ, ನೀವು ಹೇಳೋದು ನಿಜ ಆದ್ರೆ ಮರ ಉಳಿಯುತ್ತೆ," ಅಂದಳು. "ಗಿಡ ಇಲ್ಲಿದ್ದದ್ದು ಮಾರ್ಚಲ್ಲಿ ಆರು ಗಂಟೆ. ಮಾರ್ಚಲ್ಲಿ ದುಂಬಿ ಹೊರಗೆ ಬರಲ್ಲ. ನಿಮ್ಮ ತೋಟಕ್ಕೆ ಬರೀ ನಿಗಾ ಸಾಕು ಅಂತ ನಾನೇ ಬರೀತೀನಿ. ಆದ್ರೆ ನಿಮ್ಮ ಪುಸ್ತಕದಲ್ಲಿ ನಿಮ್ಮ ಕೈಯಲ್ಲೇ ಬೇರೆ ಬರ್ದಿದೆ. ಕೊಟ್ಟವರು ಕೊಟ್ಟೆ ಅನ್ಬೇಕು."

ಅಷ್ಟೇ ತಾನೆ ಎಂದುಕೊಂಡೆ. ಕ್ರೈನ್ ಒಂದು ಮಾತು ಹೇಳಬೇಕು, ನಾಲ್ಕು ಮರ ಉಳಿಯುತ್ತವೆ. ನನಗೆ ಹೆದರಿಕೆಯೇ ಆಗಲಿಲ್ಲ. ಅವನಿಗೂ ದಂಡ ಬೀಳುತ್ತದೆ, ಒಂದು ವರ್ಷ ಕಷ್ಟವಾಗುತ್ತದೆ, ನಾನು ನನ್ನ ಜಮೀನಿನಲ್ಲಿ ಅವನ ಹೈಡ್ರೇಂಜಿಯ ಇಟ್ಟುಕೊಂಡು ಸಹಾಯ ಮಾಡಬಹುದು ಎಂದು ದಾರಿಯಲ್ಲೇ ಲೆಕ್ಕ ಹಾಕುತ್ತ ವೀಪ್ಕೆಯ ಜೊತೆ ಅವನ ಮನೆಗೆ ನಡೆದೆ. ಎಂಥ ಮೊದ್ದು ನಾನು.

ಯೋಪಿ ಬಾಗಿಲು ತೆರೆದಳು. ಅಡುಗೆಮನೆಯಲ್ಲಿ ಕ್ರೈನ್ ಬ್ರೆಡ್ಡಿನ ಮೇಲೆ ಚೀಸ್ ಇಟ್ಟುಕೊಂಡು ಮಧ್ಯಾಹ್ನದ ಊಟಕ್ಕೆ ಕೂತಿದ್ದ. ವೀಪ್ಕೆ ನಿಂತೇ ಕೇಳಿದಳು: ಮಾರ್ಚಿನಲ್ಲಿ ನೀವು ಈ ಮೇಡಂಗೆ ಮೂವತ್ತು ಮೇಪಲ್ ಕೊಟ್ಟಿರಾ? ಅವನು ಬ್ರೆಡ್ಡನ್ನು ಅಡ್ಡಕ್ಕೆ ಕೊಯ್ದ, ಮತ್ತೆ ಉದ್ದಕ್ಕೆ ಕೊಯ್ದ. ನನ್ನ ಕಡೆ ತಿರುಗಲಿಲ್ಲ.

"ನಾನು ಹೈಡ್ರೇಂಜಿಯದವನು," ಅಂದ. "ನನ್ನ ಹತ್ರ ಮೇಪಲ್ ಇಲ್ಲ. ಯಾವತ್ತೂ ಇರ್ಲಿಲ್ಲ. ಬೇಕಾದ್ರೆ ತೋಟ ನೋಡ್ಕೊಳ್ಳಿ."

"ಕ್ರೈನ್," ಅಂದೆ ನಾನು. "ಅಪ್ಪನ ಮರ ಹೋಗುತ್ತೆ ಕಣೋ."

"ನಿನಗೆ ಕಷ್ಟ ಬಂದಿದೆ ಅಂತ ನನಗೂ ಬೇಜಾರಿದೆ ಅಲೈದಾ. ಹಾಗಂತ ಆಗದೇ ಇದ್ದಿದ್ದು ಆಯ್ತು ಅಂತ ನಾನು ಹೇಗೆ ಹೇಳ್ಲಿ?"

ಎಷ್ಟು ಮೆತ್ತಗೆ ಅಂದ ಎಂದರೆ, ಒಂದು ಕ್ಷಣ ನಾನೇ ಸುಳ್ಳು ಹೇಳುತ್ತಿದ್ದೇನೋ ಎಂದು ನನಗೇ ಅನುಮಾನವಾಯಿತು. ಯೋಪಿಯನ್ನು ನೋಡಿದೆ. ಮಾರ್ಚಿನ ಆ ಬೆಳಿಗ್ಗೆ ದೋಣಿಗೆ ಗಿಡ ತುಂಬಲು ಕೈಕೊಟ್ಟವಳು ಅವಳೇ, ದಂಡೆಯಿಂದ ನಾನು ಕಂಡಿದ್ದೆ. ಅವಳು ಒಲೆಯ ಕಡೆ ತಿರುಗಿ ಒಣಗಿದ ಪಾತ್ರೆಯನ್ನು ಮತ್ತೆ ಒರೆಸಿದಳು. ವೀಪ್ಕೆ ತೋಟ ನೋಡಿದಳು, ಗಾಜಿನಮನೆ ನೋಡಿದಳು. ಹಿಂದಿನ ಮೂಲೆಯಲ್ಲಿ ಒಂದು ಮಡಿ ಖಾಲಿಯಿತ್ತು, ಗುಡಿಸಿ ಸುಣ್ಣ ಹಾಕಿದ್ದ. ಜರ್ಮನಿಯಲ್ಲಿ ಹುಳ ಸಿಕ್ಕ ಸುದ್ದಿ ನನಗಿಂತ ಮೊದಲು ಅವನಿಗೆ ಮುಟ್ಟಿತ್ತು. ಮುಟ್ಟಿದ ಮೇಲೆ ಅವನು ಕಾಲುವೆ ದಾಟಿ ನನಗೆ ಹೇಳಲಿಲ್ಲ, ಮಡಿ ಗುಡಿಸಿದ. ಖಾಲಿ ಮಡಿಯ ಮೇಲೆ ವರದಿ ಬರೆಯಲು ಬರುವುದಿಲ್ಲ ಎಂದಳು ವೀಪ್ಕೆ. ಕಾಗದ ಏನಾದರೂ ಇದೆಯಾ, ಒಂದು ಸಾಲು, ಒಂದು ಮೆಸೇಜು? ಇರಲಿಲ್ಲ. ಕಾಲುವೆಯ ಮೇಲೆ ನಡೆಯುವುದಕ್ಕೆ ಕಾಗದ ಇರುವುದಿಲ್ಲ ಎನ್ನುವುದು ನಮ್ಮ ಹೆಮ್ಮೆ ತಾನೆ.

ಆ ಶುಕ್ರವಾರ ಬೆಳೆಗಾರರ ಸಂಘದ ಕಾಫಿ ಕೂಟಕ್ಕೆ ಹೋದೆ. ನಲವತ್ತು ಜನರಿದ್ದರು. ಎಲ್ಲರೂ ಒಂದಲ್ಲ ಒಂದು ವರ್ಷ ನನ್ನಿಂದ ಗಿಡ ತೆಗೆದುಕೊಂಡು ತಮ್ಮ ಚೀಟಿ ಅಂಟಿಸಿದವರೇ. ನಮ್ಮಲ್ಲಿ ಹೀಗೊಂದು ರೂಢಿ ಇದೆ ಎಂದಷ್ಟೇ ಕಚೇರಿಗೆ ಬರೆದುಕೊಡಿ, ಕ್ರೈನನ ಹೆಸರು ಬೇಡ, ನನ್ನ ಮಾತಿಗೆ ಸ್ವಲ್ಪ ತೂಕ ಬರುತ್ತದೆ ಎಂದು ಬೇಡಿಕೊಂಡೆ. ಒಬ್ಬರೂ ಒಪ್ಪಲಿಲ್ಲ. ಬರೆದರೆ ನಾಳೆ ಎಲ್ಲರ ಪುಸ್ತಕವೂ ತೆರೆಯುತ್ತದೆ. ಸಂಘದ ಅಧ್ಯಕ್ಷ ನನ್ನನ್ನು ಬಾಗಿಲವರೆಗೆ ಬಿಟ್ಟು, ಹೆಗಲು ತಟ್ಟಿ, ಮರ ಕಡಿಯುವ ದಿನ ಎಲ್ಲರೂ ಬಂದು ಕೈ ಕೊಡುತ್ತೇವೆ ಎಂದ. ಕೈ ಕೊಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂದು ನನಗೂ ಗೊತ್ತಾಗಿತ್ತು.

ಜುಲೈ ಕೊನೆಯ ಬುಧವಾರ ಕಡಿದರು. ನಾನು ಒಳಗೆ ಕೂರಲಿಲ್ಲ. ಊರಿನವರು ಹೇಳಿದಂತೆ ಬಂದಿದ್ದರು, ಕೈಕಟ್ಟಿಕೊಂಡು ದಂಡೆಯಲ್ಲಿ ನಿಂತಿದ್ದರು. ಕ್ರೈನ್ ಬಂದಿರಲಿಲ್ಲ. ನಾಲ್ಕೂ ಮರ ಬೀಳಲು ಒಂದು ಗಂಟೆಯೂ ಹಿಡಿಯಲಿಲ್ಲ. ವೀಪ್ಕೆ ಪ್ರತಿ ಬುಡವನ್ನೂ ಬಿಲ್ಲೆ ಬಿಲ್ಲೆಯಾಗಿ ಕೊಯಿಸಿ, ಭೂತಗನ್ನಡಿ ಹಿಡಿದು ನೋಡಿದಳು. ಬೇರನ್ನೂ ಸೀಳಿಸಿದಳು. ಒಂದು ತೂತಿಲ್ಲ, ಒಂದು ಹುಳವಿಲ್ಲ. ಮರ ಶುದ್ಧವಾಗಿತ್ತು ಎಂದು ಹೇಳಲು ನನ್ನ ಹತ್ತಿರ ಬಂದಳು. ಹೇಳಬಾರದಿತ್ತು. ಗೊತ್ತಿದ್ದೇ ಇತ್ತು, ಆದರೂ ಬೇರೆಯವರ ಬಾಯಲ್ಲಿ ಕೇಳಿದಾಗ ನಾನು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ. ಅಪ್ಪ ಸತ್ತಾಗ ಅತ್ತಿರಲಿಲ್ಲ, ಅವತ್ತು ಊರಿನವರ ಎದುರಿಗೇ ಅತ್ತೆ. ಕುಂಡದಲ್ಲಿದ್ದ ಸಸಿಗಳನ್ನೂ ಒಂದು ಬಿಡದೆ ಒಯ್ದರು. ಸಂಜೆಗೆ ನನ್ನ ತೋಟದಲ್ಲಿ ಮೇಪಲ್ಲಿನ ಒಂದು ಎಲೆಯೂ ಉಳಿದಿರಲಿಲ್ಲ.

ಆರೇಳು ವಾರ ಕಳೆಯಿತು. ಭಾನುವಾರಗಳಲ್ಲಿ ಮನೆಯಲ್ಲೇ ಮೊಟ್ಟೆ ಬೇಯಿಸಿಕೊಂಡು ತಿಂದೆ. ಕಾಲುವೆಯ ಆಚೆ ಕ್ರೈನ್ ಕೆಲಸ ಮಾಡುವುದು ಕಾಣುತ್ತಿತ್ತು. ನನ್ನನ್ನು ಕಂಡರೆ ಬಗ್ಗಿ ಏನಾದರೂ ಹುಡುಕುತ್ತಿದ್ದ. ನನಗೆ ಬೇಕಾದದ್ದು ದೊಡ್ಡದೇನೂ ಅಲ್ಲ. ಬಂದು ಒಮ್ಮೆ, ಹೌದು ಕಣೇ, ಹೆದರಿಕೆಯಾಯಿತು, ಸುಳ್ಳು ಹೇಳಿದೆ ಎಂದಿದ್ದರೆ ಬೈದು, ಹೊಡೆದು, ಕಡೆಗೆ ಕಾಫಿ ಕೊಡುತ್ತಿದ್ದೆನೇನೋ. ಮನುಷ್ಯನ ಮೇಲಿನ ನಂಬಿಕೆ ನಾಚಿಕೆಯಿಲ್ಲದ್ದು, ಒದ್ದರೂ ಬಾಗಿಲಲ್ಲೇ ಕೂತಿರುತ್ತದೆ.

ಸೆಪ್ಟೆಂಬರ್ ಮಧ್ಯದಲ್ಲಿ ಒಂದು ಬೆಳಿಗ್ಗೆ ಅವನು ಬಂದ. ದೋಣಿಯಲ್ಲಿ ಒಂದು ತಟ್ಟೆ, ಮೇಲೆ ಗೋಣಿಬಟ್ಟೆ. ದಂಡೆಯ ಮೇಲೆ ಇಟ್ಟು ಬಟ್ಟೆ ತೆಗೆದ. ಇಪ್ಪತ್ತು ಪುಟ್ಟ ಕುಂಡ, ಇಪ್ಪತ್ತು ಕಸಿ. ಕಟ್ಟಿನ ಮೇಲೆ ಮೊಗ್ಗು ಊದಿಕೊಂಡಿತ್ತು. ನಾಲ್ಕೈದರಲ್ಲಿ ಎಳೆ ಎಲೆಯೂ ಒಡೆದಿತ್ತು: ಒಳಗೆ ತೆಳು ಹಸಿರು, ಅಂಚಿಗೆ ಮಾತ್ರ ಕೆಂಪು.

ಅವನೇ ಹೇಳಿದ. ಮರ ಕಡಿಯುವ ಹಿಂದಿನ ಸಂಜೆ, ನಾನು ಸಂತೆಗೆ ಹೋಗಿದ್ದಾಗ, ಈಚೆ ಬಂದು ತಾಯಿಮರಗಳಿಂದ ಕಡ್ಡಿ ಕೊಯ್ದುಕೊಂಡು ಹೋಗಿದ್ದನಂತೆ. ತಡೆ ವಲಯದ ಆಚೆ, ಅಳಿಯನ ಗಾಜಿನಮನೆಯಲ್ಲಿ ಕಟ್ಟಿದನಂತೆ. ನಲವತ್ತರಲ್ಲಿ ಇಪ್ಪತ್ತು ಹಿಡಿದವು.

"ಎಲ್ಲಾ ನಿನಗೇ," ಅಂದ. "ಶೆಡ್ಡೊಳಗೆ ಇಟ್ಕೋ. ಎರಡು ಮೂರು ವರ್ಷ ಯಾರಿಗೂ ತೋರಿಸ್ಬೇಡ. ತಡೆ ತೆಗೆದ ಮೇಲೆ ಹಳೇ ಕಸಿ ಎಲ್ಲೋ ಉಳಿದಿತ್ತು ಅಂದ್ರೆ ಆಯ್ತು."

ಮಂಡಿಯೂರಿ ಕೂತು ಒಂದು ಎಲೆ ಮುಟ್ಟಿದೆ. ಅಪ್ಪ ಸತ್ತಿಲ್ಲ ಎಂದು ಯಾರೋ ಹೇಳಿದಷ್ಟು ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ತಲೆಯೆತ್ತಿ ಹೇಳಿದೆ: ವೀಪ್ಕೆಯ ಹತ್ತಿರ ಹೋಗಿ ಆ ಮೂವತ್ತು ಗಿಡ ನಿನ್ನವು ಎಂದು ಹೇಳು, ಆಮೇಲೆ ಇವನ್ನು ಎದೆಗೆ ಒತ್ತಿಕೊಳ್ಳುತ್ತೇನೆ.

"ಮರ ಹೋಯ್ತಲ್ಲ ಅಲೈದಾ. ಈಗ ಹೇಳಿ ಏನು ಪ್ರಯೋಜನ? ನನ್ನ ಸಂಖ್ಯೆ ಹೋಗುತ್ತೆ, ಇವನ್ನ ಬೆಳೆಸಿದ್ದಕ್ಕೆ ಅಳಿಯನದೂ ಹೋಗುತ್ತೆ. ನಿನ್ನ ಗಿಡ ನಿನಗೆ ಬಂತಲ್ಲ. ಸರಿ ಹೋಯ್ತು ಅಂದ್ಕೋ."

ತಟ್ಟೆಯನ್ನು ಅಲ್ಲೇ ಬಿಟ್ಟು ದೋಣಿ ತಳ್ಳಿಕೊಂಡು ಹೋದ. ಹೋಗುವಾಗ ಅವನ ಹೆಗಲು ಹಗುರವಾಗಿತ್ತು, ಅದೇ ನನಗೆ ಕಂಡದ್ದು. ಉಪಕಾರ ಮಾಡಿದೆ ಎಂದುಕೊಂಡೇ ಹೋದ ಅವನು. ನನಗೆ ಮಾತ್ರ ಕುಂಡದ ಮುಂದೆ ಕೂತಲ್ಲೇ ಅರ್ಥವಾಯಿತು. ಈ ಇಪ್ಪತ್ತು ಗಿಡ ನನ್ನ ಶೆಡ್ಡಿನಲ್ಲಿರುವವರೆಗೆ ನಾನು ಬಾಯಿ ಬಿಡುವ ಹಾಗಿಲ್ಲ. ತಡೆ ವಲಯದ ಕಡ್ಡಿ ಬಚ್ಚಿಟ್ಟುಕೊಂಡವಳು ನಾನೇ ಆಗುತ್ತೇನೆ. ಬಾಯಿ ಬಿಟ್ಟರೆ ಈ ಇಪ್ಪತ್ತೂ ಬೆಂಕಿಗೆ, ಹೆಸರಿಲ್ಲದೆ ಮಾರಿಹೋದವನ್ನು ಹುಡುಕುವ ದಾರಿಯಿಲ್ಲ, ನನ್ನ ಪಾಲಿಗೆ ಆ ಜಾತಿಯೇ ಮುಗಿದ ಹಾಗೆ. ನನ್ನ ಬಾಯಿಗೆ ನನ್ನಪ್ಪನನ್ನೇ ತುರುಕಿ ಹೋಗಿದ್ದ.

ಎರಡು ದಿನ ಶೆಡ್ಡಿನಲ್ಲಿಟ್ಟು ನೀರು ಹಾಕಿದೆ. ಎರಡು ದಿನವೂ ಎಲೆ ದೊಡ್ಡದಾಯಿತು. ಗಾಡಿಯ ಸದ್ದು ಕೇಳಿದಾಗಲೆಲ್ಲ ಗೋಣಿಬಟ್ಟೆ ಮುಚ್ಚಿದೆ. ಎರಡನೆಯ ಸಂಜೆ ಕ್ರೈನ್ ಆಚೆ ದಂಡೆಯಿಂದ, ಏನೂ ಆಗಿಲ್ಲವೆನ್ನುವ ಹಾಗೆ, ಯೋಪಿ ಈ ಭಾನುವಾರ ಸೂಪು ಮಾಡುತ್ತಾಳೆ, ಬಾ ಎಂದು ಕೂಗಿ ಹೇಳಿದ. ಆಯಿತು ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಆ ಮಾತು ಕೇಳಿ ನನಗೇ ನನ್ನ ಮೇಲೆ ಹೇಸಿಗೆಯಾಯಿತು. ಒಳಗೆ ಹೋಗಿ ವೀಪ್ಕೆಗೆ ಫೋನ್ ಮಾಡಿದೆ.

ಅವಳು ಮರುದಿನ ಬೆಳಿಗ್ಗೆ ಒಬ್ಬ ಸಹಾಯಕನ ಜೊತೆ ಬಂದಳು. ತಟ್ಟೆಯನ್ನು ನಾನೇ ಹೊರಗೆ, ಬೆಳಕಿಗೆ ಎತ್ತಿ ತಂದಿಟ್ಟೆ. ಒಂದನ್ನೂ ತೆಗೆದಿಟ್ಟುಕೊಳ್ಳಲಿಲ್ಲ. ಇದನ್ನು ಹೇಳಿದರೆ ಇವತ್ತಿಗೂ ಜನ ನಂಬುವುದಿಲ್ಲ, ಕೆಲವು ಸಲ ತೆಗೆದಿಟ್ಟುಕೊಳ್ಳಬೇಕಿತ್ತು ಎಂದು ನನಗೂ ಅನ್ನಿಸುತ್ತದೆ. ನಡೆದದ್ದೆಲ್ಲ ಹೇಳಿದೆ. ವೀಪ್ಕೆ ಬರೆದುಕೊಂಡಳು. ಬರೆಯುತ್ತ ಬರೆಯುತ್ತ ಅವಳ ಮುಖ ಬಾಡಿತು.

"ಇದೂ ನಿಮ್ಮ ಮಾತೇ ಮೇಡಂ," ಅಂದಳು. "ನೀವೇ ಕಡ್ಡಿ ಕೊಯ್ದು ಬಚ್ಚಿಟ್ಟಿದ್ರಿ ಅಂತ ಅವರು ಅಂದ್ರೆ? ಗಿಡ ನಿಮ್ಮ ಶೆಡ್ಡಲ್ಲಿದೆ. ಮುಟ್ಟುಗೋಲು ನಿಮ್ಮ ಹೆಸರಿಗೇ ಬರುತ್ತೆ. ಬೇಕಾದ್ರೆ ಯೋಚನೆ ಮಾಡಿ. ನಾನಿನ್ನೂ ಸಹಿ ಹಾಕಿಲ್ಲ."

ಹಾಕು ಎಂದೆ.

ಸಹಾಯಕ ದಪ್ಪ ಪ್ಲಾಸ್ಟಿಕ್ ಚೀಲ ಬಿಡಿಸಿದ. ಮೊದಲನೆಯ ಕುಂಡವನ್ನು ತಲೆಕೆಳಗು ಮಾಡಿ, ಕಸಿಯನ್ನು ಕಟ್ಟಿನ ಹತ್ತಿರವೇ ಮುರಿದು ಒಳಗೆ ಹಾಕಿದ. ಎರಡನೆಯದು. ಮೂರನೆಯದು. ಅಷ್ಟರಲ್ಲಿ ಕಾಲುವೆಯ ಆಚೆ ಬಾಗಿಲು ಬಡಿದ ಸದ್ದು. ಕ್ರೈನ್ ಶರ್ಟಿನ ಗುಂಡಿಯನ್ನೂ ಹಾಕಿಕೊಳ್ಳದೆ ಓಡಿಬಂದು ನೀರಿನ ಅಂಚಿಗೆ ನಿಂತ. ಮುಖ ಕೆಂಡವಾಗಿತ್ತು.

"ಏಯ್, ಮುರೀಬೇಡ್ರೋ! ಅಲೈದಾ, ಹುಚ್ಚು ಹಿಡೀತೇನೇ ನಿನಗೆ? ಅವು ನಿಮ್ಮಪ್ಪನ ಗಿಡ ಕಣೇ! ನಿನಗೋಸ್ಕರ ಅಂತ ರಾತ್ರಿ ಹಗಲು ಕೂತು ನಾನು ಒಂದೊಂದಾಗಿ ಕಟ್ಟಿದ್ದು!"

ಸಹಾಯಕನ ಕೈ ನಿಂತಿತು. ವೀಪ್ಕೆ ನಿಧಾನವಾಗಿ ತಲೆಯೆತ್ತಿ ಕಾಲುವೆಯ ಆಚೆ ನೋಡಿದಳು.

"ಏನಂದ್ರಿ ಸಾರ್? ಯಾರು ಕಟ್ಟಿದ್ದು?"

ಕ್ರೈನ್ ನನ್ನನ್ನು ನೋಡಿದ. ಜೂನ್ ತಿಂಗಳ ಆ ಅಡುಗೆಮನೆಯ ಮಾತಾದ ಮೇಲೆ ಅವನು ನನ್ನ ಕಣ್ಣಿಗೆ ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ಅವನ ಕಣ್ಣಲ್ಲಿದ್ದದ್ದು ನಾಚಿಕೆಯಲ್ಲ. ಮೋಸ ಹೋದವನ ನೋಟ ಅದು. ಮೋಸ ಮಾಡಿದವಳು ನಾನು ಎನ್ನುವ ಹಾಗೆ ಅವನು ನೋಡುತ್ತಿದ್ದ. ನನ್ನ ಮೈಯೆಲ್ಲ ಉರಿದುಹೋಯಿತು.

ವೀಪ್ಕೆ ಅವನನ್ನು ಅಲ್ಲೇ ಇರಲು ಹೇಳಿ ಸೇತುವೆಯ ಕಡೆ ನಡೆದಳು. ಸಹಾಯಕ ನನ್ನ ಮುಖ ನೋಡಿದ, ಏನು ಮಾಡಲಿ ಎನ್ನುವ ಹಾಗೆ. ಹದಿನೇಳು ಉಳಿದಿದ್ದವು. ನಾನು ಪಕ್ಕದ ಕುಂಡವನ್ನು ಎತ್ತಿ ಅವನ ಕೈಗೆ ಕೊಟ್ಟೆ. ಅದು ಮುರಿದ ಮೇಲೆ ಇನ್ನೊಂದು ಕೊಟ್ಟೆ. ಹದಿನೇಳನ್ನೂ ನನ್ನ ಕೈಯಾರೆ ಕೊಟ್ಟೆ.